ಡೇರಿ ಕಂಪ್ಯೂಟರಿಗೆ ಹೇಮಶ್ರೀ ಹೇಳಿಕೊಟ್ಟ ‘ಮತ್ತೆ’

ಚುಂಚನಕಟ್ಟೆಯ ಆಚೆಗೊಂದು ಊರಂತೆ, ಊರಿಗೊಂದು ಹಟಮಾರಿ ಪೆಟ್ಟಿಗೆಯಂತೆ. ಯಾರು ಏನೇ ಕೇಳಲಿ, ‘ನಿನಗೆ ಅಧಿಕಾರವಿಲ್ಲ’ ಅನ್ನುತ್ತಿತ್ತಂತೆ. ಅಜ್ಜಿಯ ಕತೆಯಾಗಿದ್ದರೆ ರಾಜಕುಮಾರ ಕುದುರೆ ಏರಿ ಬರಬೇಕಿತ್ತು. ಇಲ್ಲಿ ಸೈಕಲ್ ಏರಿ ಬಂದವಳು ಹೇಮಶ್ರೀ, ಹಾಲಿನ ಡೇರಿಯ ಕಂಪ್ಯೂಟರ್ ಆಪರೇಟರ್.

ಬೆಳಗಿನ ಆರು ಗಂಟೆ. ಕರೆಂಟ್ ಹೋಗಿ ಬಂದಿದೆ. ತೂಕದ ಯಂತ್ರ ತೋರಿಸುವ ಅಂಕಿ ಕಂಪ್ಯೂಟರಿಗೆ ಕಾಣುತ್ತಿಲ್ಲ. ನಲವತ್ತೊಂದು ಜನ ಕ್ಯಾನು ಹಿಡಿದು ನಿಂತಿದ್ದಾರೆ. ತೂಕದ ಚೀಟಿಯಿಲ್ಲದೆ ಹಾಲು ತೆಗೆದುಕೊಳ್ಳುವಂತಿಲ್ಲ. ಏಳಕ್ಕೆ ಬರುವ ಲಾರಿ ಯಾರಿಗೂ ಕಾಯುವುದಿಲ್ಲ.

“ನನ್ ಹಾಲು ಒಡ್ದೋದ್ರೆ ನಿನ್ ಪೆಟ್ಗೆ ಮೇಲೇ ಉಯ್ತೀನಿ ಕಣವ್ವ!” ಸಾಲಿನ ಕೊನೆಯಿಂದ ಪ್ರೇಮಮ್ಮ ಕೂಗುತ್ತಾಳೆ.

“ಲಾರಿ ಬರೋದ್ರೊಳ್ಗೆ ಕೊನೇ ಚೀಟಿ ನಿಮ್ ಕೈಲಿರ್ತದೆ, ಇರಿ ಅಕ್ಕ.”

ಹಿಂದೆಲ್ಲ ಹೀಗಾದರೆ ಮೈಸೂರಿನ ಎಂಜಿನಿಯರ್ ಬರುವವರೆಗೆ ಕಾಯಬೇಕಿತ್ತು. ಆಪರೇಟರಿಗೆ ಅಡ್ಮಿನ್ ಪಾಸ್‌ವರ್ಡ್ ಯಾಕೆ ಅಂದಿದ್ದರು ಅವರು. “ಅಂಗಾದ್ರೆ ದಿನಾ ಐದೂವರೆಗೆ ನೀವೇ ಬಂದ್ ಕೂತ್ಕಳಿ ಸಾರ್” ಅಂದಳು ಹೇಮಶ್ರೀ. ಪಾಸ್‌ವರ್ಡ್ ಬಂತು, ಒಂದು ತಪ್ಪಾದರೂ ಕಿತ್ತುಕೊಳ್ಳುತ್ತೇವೆಂಬ ಷರತ್ತಿನೊಂದಿಗೆ.

ಆದರೂ ಯಂತ್ರ ಒಲ್ಲೆನೆಂದ ಉದ್ದನೆಯ ಆಜ್ಞೆಯನ್ನು ಪ್ರತಿ ಸಲವೂ, ಮುಂದೆ ‘ಸುಡೋ’ ಎಂಬ ಅಧಿಕಾರದ ಪದ ಸೇರಿಸಿ, ಮತ್ತೆ ಪೂರ್ತಿ ಟೈಪ್ ಮಾಡಬೇಕು. ಅದಕ್ಕೇ ಅವಳು ಫಂಕ್ಷನ್ ಎಂಬ ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಮ್ ಬರೆದಳು, ‘ಮತ್ತೆ’ ಎಂದು ಹೆಸರಿಟ್ಟಳು. ಆ ಒಂದು ಪದ ಒತ್ತಿದರೆ ಹಿಂದಿನ ಆಜ್ಞೆ ಅಧಿಕಾರ ಹೊತ್ತು ಮರಳುತ್ತದೆ.

ಮೊದಲ ವಾರವೇ ಎಡವಟ್ಟು. ಕೆಲಸ ಮುಗಿಯಿತೆಂದು ಕಂಪ್ಯೂಟರಿಗೆ ಆಫ್ ಆಗುವ ಆಜ್ಞೆ ಕೊಟ್ಟಿದ್ದಳು, ಅದು ಒಪ್ಪಿರಲಿಲ್ಲ. ಅಷ್ಟರಲ್ಲಿ ಇನ್ನೂ ನಾಲ್ವರು ಹಾಲು ತಂದರು. ಪ್ರಿಂಟರ್ ಸರಿಮಾಡುವ ಅವಸರದಲ್ಲಿ, ಹಿಂದಿನ ಆಜ್ಞೆ ಯಾವುದೆಂದು ನೋಡದೆ ‘ಮತ್ತೆ’ ಒತ್ತಿದಳು. ಯಂತ್ರ ಎಲ್ಲರೆದುರು ಕಣ್ಣು ಮುಚ್ಚಿತು. ಸುದ್ದಿ ಮೈಸೂರಿಗೆ ಮುಟ್ಟದೆ ಪಾಸ್‌ವರ್ಡ್ ಉಳಿಯಿತು.

“ಅವತ್ತಿಂದ ಏನ್ ಮಾಡ್ತೀನಿ ಅಂತ ಮೊದ್ಲು ಅದು ತೋರ್ಸ್‌ಬೇಕು. ನಾನು ಗಟ್ಟಿಯಾಗಿ ಓದಿ ಊಂ ಅನ್ನೋಗಂಟ ಕದಲಂಗಿಲ್ಲ,” ಅನ್ನುತ್ತಾಳೆ.

ಈಗ ಡೇರಿಯ ಕಾರ್ಯದರ್ಶಿ ಕಂಠಪ್ಪ ಫೋನು ಚಾಚುತ್ತಾರೆ. “ಎಂಜಿನಿಯರು ಕಣವ್ವ. ಮುಟ್‌ಬೇಡ ಅಂತಾವ್ರೆ.”

“ಸ್ಪೀಕರಿಗಾಕಿ ಕಂಠಪ್ಪಣ್ಣ. ಅವ್ರೂ ಕೇಳಸ್ಕಳ್ಳಿ.”

ತೂಕದ ಪ್ರೋಗ್ರಾಮನ್ನು ರೀಸ್ಟಾರ್ಟ್ ಮಾಡೆಂದು ಟೈಪ್ ಮಾಡುತ್ತಾಳೆ; ‘ನಿನಗೆ ಅಧಿಕಾರವಿಲ್ಲ’ ಅನ್ನುತ್ತದೆ ಯಂತ್ರ. ‘ಮತ್ತೆ’ ಒತ್ತುತ್ತಾಳೆ. ಪರದೆಯ ಮೇಲೆ ಬಂದ ಸಾಲನ್ನು ಪಾಠದಂತೆ ಓದುತ್ತಾಳೆ: “ಸುಡೋ... ತೂಕದ ಪ್ರೋಗ್ರಾಮು... ರೀಸ್ಟಾರ್ಟ್. ಸರಿಯಾಗೈತೆ. ಊಂ.”

ಅಂಕಿ ಮೂಡುತ್ತದೆ. ಪ್ರಿಂಟರ್ ಕಿರ್ರನೆ ಹೊರಡುತ್ತದೆ. ಕಂಠಪ್ಪ ಫೋನು ಬದಿಗಿಟ್ಟು ಮುಂದಿನ ಕ್ಯಾನು ತೂಕಕ್ಕಿಡುತ್ತಾರೆ.

ಒಂದು, ಹತ್ತು, ಮೂವತ್ತು. ತಿರುವಿನಲ್ಲಿ ಲಾರಿ ಹಾರ್ನ್ ಹೊಡೆಯುವಾಗ ಹೇಮಶ್ರೀ ನಲವತ್ತೊಂದನೆಯ ಚೀಟಿ ಹರಿದು ಪ್ರೇಮಮ್ಮನ ಒದ್ದೆ ಕೈಗಿಡುತ್ತಾಳೆ.