ಕಬ್ಬಾಳಿಗೆ ಹೋಗಿ ಕೇಳಿದ ಒಂದು ಪ್ರಶ್ನೆ

ಕುದೂರಿನಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟೆ. ಬಿಡದಿಯ ಕಾರ್ಖಾನೆಗೆ ರಜೆ ಹಾಕಿದ್ದೆ. ನಾಲ್ಕು ವರ್ಷದ ನನ್ನ ಮಗನಿಗೆ ಆಟಿಸಂ ಇದೆ ಎಂದ ಬೆಂಗಳೂರಿನ ಡಾಕ್ಟರು ಹೆರಿಗೆಯ ವಿವರ ಬರೆದು ತರಲು ಒಂದು ಹಾಳೆ ಕೊಟ್ಟಿದ್ದರು. 'ಹುಟ್ಟಿದ ಕೂಡಲೇ ಮಗು ಅತ್ತಿತೇ?' ಎಂಬಲ್ಲಿಗೆ ಬಂದು ನನ್ನ ಹೆಂಡತಿ ರತ್ನ ಪೆನ್ನು ಕೆಳಗಿಟ್ಟಳು. ಹೆರಿಗೆಯಾದಾಗ ಅವಳಿಗೆ ಎಚ್ಚರವೇ ಇರಲಿಲ್ಲ. ಚೊಚ್ಚಲ ಹೆರಿಗೆಗೆ ತವರಾದ ಕಬ್ಬಾಳಿಗೆ ಹೋಗಿದ್ದಳು, ನಾನು ಕುದೂರಿನಲ್ಲೇ ಇದ್ದೆ. ಫೋನಿನಲ್ಲಿ ಅತ್ತೆಯನ್ನು ಕೇಳಿದರೆ ಮಾತು ತೇಲಿಸಿದರು. ಅವರೇ ಏನೋ ಎಡವಟ್ಟು ಮಾಡಿ ಮುಚ್ಚಿಟ್ಟಿದ್ದಾರೆಂದು ನನಗೆ ಸಿಟ್ಟು.

ಮಾಗಡಿಯಲ್ಲಿ ಬಸ್ಸು ಬದಲಿಸಿದೆ. ರಾಮನಗರಕ್ಕೆ ಹದಿನಾಲ್ಕು ರೂಪಾಯಿ. ದಾರಿಯುದ್ದಕ್ಕೂ ಜಲ್ಲಿ ಲಾರಿಗಳ ಧೂಳು. ರಾಮನಗರದಲ್ಲಿ ಇಡ್ಲಿ ತೆಗೆದುಕೊಂಡೆ, ಅರ್ಧ ಬಿಟ್ಟು ಎದ್ದೆ.

ಕನಕಪುರದ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಕೂಸು ಒಂದೇ ಸಮನೆ ಅಳುತ್ತಿತ್ತು. "ಒಸಿ ಹಟ ಜಾಸ್ತಿ ಕಣಣ್ಣ," ಎಂದು ಆಕೆ ಸಂಕೋಚಪಟ್ಟಳು.

"ಅಳ್ಲಿ ಬುಡವ್ವ," ಎಂದೆ. ಅದು ಜೋರಾಗಿ ಅಳುವುದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಕಬ್ಬಾಳಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಅತ್ತೆ ಮಜ್ಜಿಗೆ ತಂದರು. ಲೋಟ ಮುಟ್ಟದೆ ಕೇಳಿಯೇಬಿಟ್ಟೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಳ್ಲಿಲ್ಲ ಅಳಿಯಂದ್ರೆ. ಮೈಯೆಲ್ಲ ನೀಲಿಯಾಗಿತ್ತು. ತಡವಾಗಿ ಕರ್ಕೊಂಡ್ ಬಂದ್ರಿ ಅಂತ ನರ್ಸಮ್ಮ ಬೈದ್ಲು."

"ಯಾಕೆ ತಡ ಮಾಡಿದ್ರಿ?"

ಅವರು ಮಜ್ಜಿಗೆ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಅವತ್ತು ಶುಕ್ರವಾರ. ಆಸ್ಪತ್ರೆಗೆ ಹೋಗಾಕೆ ಹತ್ತೂವರೆಗೇ ಜೀಪು ಬಾಗ್ಲಲ್ಲಿ ನಿಂತಿತ್ತು. ಪಕ್ಕದ ಮನೆ ಫೋನಿಗೆ ನೀವೇ ಮಾಡಿದ್ರಿ. ರಾಹುಕಾಲ ಐತೆ, ಹನ್ನೆರಡು ಕಳೀಲಿ ಅಂದ್ರಿ. ಅಳಿಯನ ಮಾತು, ಹೆಂಗೆ ಮೀರಾದು? ಮಗ್ಳಿಗೆ ಇದ್ನ ಹೇಳಿಲ್ಲ."

ನೆನಪಾಯಿತು. ಕ್ಯಾಲೆಂಡರ್ ನೋಡಿಕೊಂಡೇ ಹೇಳಿದ್ದೆ. ಜಾಣನಂತೆ ಹೇಳಿದ್ದೆ. ಗಂಡುಮಗು ಎಂದು ತಿಳಿದು ಸಕ್ಕರೆ ಹಂಚುವಾಗ ಅದನ್ನೆಲ್ಲ ಮರೆತಿದ್ದೆ.

"ಅದ್ರಿಂದ್ಲೇ ಹಿಂಗಾಯ್ತಾ?" ಎಂದರು ಅತ್ತೆ.

"ಹೆರಿಗೇಲಿ ತೊಂದ್ರೆಯಾದ್ರೆ ಅಪಾಯ ಒಸಿ ಹೆಚ್ಚಂತೆ. ಅದೇ ಕಾರಣ ಅಂತ ಯಾರೂ ಹೇಳಕ್ಕಾಗಲ್ಲ ಅಂದವ್ರೆ ಡಾಕ್ಟ್ರು," ಎಂದೆ. ಡಾಕ್ಟರು ಹಾಗೆಂದದ್ದು ನಿಜ. ಆದರೆ ಆ ಮಾತು ನನಗೆ ಸಮಾಧಾನ ಕೊಡಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಏನು ಕಂಡೆನೋ ಹೇಳಲಾರೆ. ಹಾಳೆಯಲ್ಲಿ 'ಇಲ್ಲ' ಎಂದಷ್ಟೇ ಬರೆದರೆ ಸಾಕಲ್ಲ ಎಂದು ಮಾಗಡಿಯವರೆಗೂ ಲೆಕ್ಕ ಹಾಕಿದೆ. ಅತ್ತೆಯಂತೂ ಬಾಯಿ ಬಿಡುವವರಲ್ಲ.

ಕುದೂರು ತಲುಪಿದಾಗ ಸಂಜೆ ಆರು. ರತ್ನ ಮಗನೊಂದಿಗೆ ಜಗಲಿಯ ಮೇಲಿದ್ದಳು.

"ನಮ್ಮವ್ವ ಏನಂದ್ಲು? ನಮ್ಮೋರದೇ ತಪ್ಪಾ?"

"ಅಲ್ಲ ಕಣೆ. ರಾಹುಕಾಲ ಕಳೀಲಿ ಅಂತ ಜೀಪು ನಿಲ್ಸಿದ್ದು ನಾನು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಮಗನನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತೆ.