ಭಾವನ ಡೀಸೆಲ್ ಡ್ರಮ್ಮು

ನನ್ನ ಭಾವ ಸಾಮಾನು ಸಾಗಿಸುವ ಹಳೇ ಡೀಸೆಲ್ ವ್ಯಾನಿನ ಡ್ರೈವರ್. ಮಾಂಸದಂಗಡಿಯವರು ಎಸೆಯುವ ಕೊಬ್ಬಿನಿಂದ ಅವರೇ ಡೀಸೆಲ್ ಮಾಡುತ್ತಾರೆ. ಹಿತ್ತಲಲ್ಲಿ ಅದಕ್ಕೊಂದು ಡ್ರಮ್ಮಿದೆ. ಕೊಬ್ಬು ಕರಗಿಸಿ, ಸೋಸಿ, ನೀರಿನ ಪಸೆ ಹೋಗುವ ತನಕ ಕಾಯಿಸಿ, ಸ್ಪಿರಿಟ್ಟು, ಕಾಸ್ಟಿಕ್ ಸೋಡ ಹಾಕಿ ಬಿಡಬೇಕು. ಮಾರನೇ ದಿನ ಮೇಲೆ ಡೀಸೆಲ್, ತಳದಲ್ಲಿ ಗಸಿ.

ಮೊದಲ ಸಲ ಅವಸರ ಮಾಡಿದರು. ನೀರು ಪೂರ್ತಿ ಹೋಗಿರಲಿಲ್ಲ. ಡ್ರಮ್ಮು ತುಂಬ ಸೋಪಾಯಿತು. ಅಕ್ಕ ಮೂರು ತಿಂಗಳು ಅದರಲ್ಲೇ ನೆಲ ತೊಳೆದಳು.

ಎರಡನೇ ಸಲ ಸರಿಹೋಯಿತು. ವ್ಯಾನ್ ಓಡಿತು. ಆದರೆ ಹೊಗೆಗೆ ಮಾಂಸ ಹುರಿದ ವಾಸನೆ. ಬೀದಿನಾಯಿಗಳೆಲ್ಲ ಹಿಂದೆ ಓಡಿದವು.

"ನಿಮಗೂ ಹಿಂಬಾಲಕರಾದ್ರಲ್ಲ, ಎಲೆಕ್ಷನ್ನಿಗೆ ನಿಲ್ಲಿ," ಎಂದಳು ಅಕ್ಕ.

ಚಳಿಗಾಲದಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕು. ಅಕ್ಕ ಟ್ಯಾಕ್ಸಿ ಅಂದಳು. ಭಾವನ ಮುಖ ಸಣ್ಣದಾಯಿತು.

"ನಮ್ಮ ಗಾಡಿ ಇಲ್ವಾ?"

"ಸರಿ. ದಾರೀಲಿ ಒಂದ್ಸಲ ನಿಂತ್ರೂ ನಾಳೆ ಆ ಡ್ರಮ್ಮು ಗುಜರಿಗೆ."

"ಆಯ್ತು," ಎಂದರು ಭಾವ.

ಭಾವ, ಅಕ್ಕ, ಅಮ್ಮ ಮುಂದೆ, ನಾನು ಹಿಂದೆ ಖಾಲಿ ಪೆಟ್ಟಿಗೆಗಳ ಜೊತೆ ಕೂತೆವು. ಸೇತುವೆ ಹತ್ತಿರದ ಏರಿನಲ್ಲಿ ವ್ಯಾನ್ ನಿಂತಿತು. ಭಾವ ಇಳಿದು ಫಿಲ್ಟರ್ ಬಿಚ್ಚಿದರು. ಒಳಗೆ ಮೇಣದ ಹಾಗೆ ಬೆಳ್ಳಗೆ ಗಟ್ಟಿ.

"ಚಳಿಗೆ ಕೊಬ್ಬು ಹೆಪ್ಪುಗಟ್ಟಿದೆ," ಎಂದರು.

"ಗುಜರಿಯವನ ನಂಬರ್ ಇದ್ಯಾ?" ಎಂದಳು ಅಕ್ಕ.

ಭಾವ ಅಮ್ಮನ ಕಿಟಕಿಯ ಹತ್ತಿರ ಬಂದರು. ಅಮ್ಮನ ಮಂಡಿನೋವಿಗೆ ಇಟ್ಟುಕೊಂಡಿದ್ದ ಬಿಸಿನೀರಿನ ಬ್ಯಾಗನ್ನೇ ನೋಡುತ್ತಿದ್ದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರು ಅತ್ತೆಯನ್ನು ಒಂದು ಲೋಟ ನೀರೂ ಕೇಳಿದವರಲ್ಲ.

"ಅತ್ತೆ... ಅದು..."

"ಏನು ಅಳಿಯಂದಿರೇ, ಬಾಯಿ ಬಿಟ್ಟು ಹೇಳಿ."

"ಆ ಬ್ಯಾಗು ಸ್ವಲ್ಪ..."

"ನಿಮಗೂ ಮಂಡಿನೋವಾ?"

"ನನಗಲ್ಲ. ಫಿಲ್ಟರಿಗೆ."

ಅಮ್ಮ ಬ್ಯಾಗು ಕೊಟ್ಟರು. ಹೊದ್ದಿದ್ದ ಶಾಲನ್ನೂ ಕೊಟ್ಟರು.

"ಬರೀ ಇಟ್ರೆ ಜಾರತ್ತೆ. ಎರಡು ಸುತ್ತು ಹಾಕಿ ಕಟ್ಟಿ. ಬಿಗಿ ಬೇಡ, ನೋಯತ್ತೆ."

ಫಿಲ್ಟರ್ ಮತ್ತೆ ಕೂರಿಸಿ, ಅದಕ್ಕೆ ನೋಯದ ಹಾಗೆ ಕಟ್ಟಿದೆವು. ಹತ್ತು ನಿಮಿಷ ಕಾದೆವು. ಇಂಜಿನ್ ಎರಡು ಸಲ ಕೆಮ್ಮಿ ಹೊರಟಿತು. ಎಂಟಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆ ಸೇರಿದೆವು. ಅಮ್ಮ ಗಾಲಿಕುರ್ಚಿಯಲ್ಲಿ ಕೂತರು. ಭಾವ ತಲೆ ತಗ್ಗಿಸಿ ತಳ್ಳಿದರು.

"ಮಾತು ಅಂದ್ರೆ ಮಾತು," ಎಂದಳು ಅಕ್ಕ. "ಗಾಡಿ ನಿಂತಿತ್ತು."

"ಎಲ್ಲಿ ನಿಂತಿತ್ತು?" ಎಂದರು ಅಮ್ಮ.

"ಸೇತುವೆ ಹತ್ರ, ಹತ್ತು ನಿಮಿಷ. ನೀನೇ ನೋಡಿದ್ಯಲ್ಲಮ್ಮ."

"ನನಗೆಲ್ಲಿ ಕಣ್ಣು ಕಾಣತ್ತೆ. ಅದಕ್ಕೇ ತಾನೆ ಇಲ್ಲಿಗೆ ಬಂದಿರೋದು."

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಡ್ರಮ್ಮು ಹಿತ್ತಲಲ್ಲೇ ಇದೆ. ಚಳಿ ಶುರುವಾದರೆ ಭಾವ ಅರ್ಧಕ್ಕರ್ಧ ಬಂಕಿನ ಡೀಸೆಲ್ ಬೆರೆಸುತ್ತಾರೆ.