ಬಸ್ಸಿನಲ್ಲಿ ಬೀಳದ ಪೆಟ್ಟು

ಅಂದು ಪರದೆಯ ಮೇಲೆ ಎಚ್ಚರಿಕೆ ಬಂದಿತ್ತೋ ಇಲ್ಲವೋ — ವೀರಪ್ಪಣ್ಣ, ಬಹಳ ಕಾಲ ನನಗದು ಖಚಿತವಿರಲಿಲ್ಲ. ಒಮ್ಮೆ ಬಂದಿತ್ತು ಅನಿಸುತ್ತಿತ್ತು. ಒಮ್ಮೆ, ಅದು ನಾನು ಆಮೇಲೆ ಕಟ್ಟಿಕೊಂಡ ನೆನಪು ಅನಿಸುತ್ತಿತ್ತು. ನೆನಪನ್ನು ನಂಬಬಾರದೆಂದು ಧಾರವಾಡದಲ್ಲಿ ಭೌತಶಾಸ್ತ್ರ ಓದುವಾಗ ಕಲಿತಿದ್ದೆ. ಆ ಪಾಠ ನನಗೆ ಬಹಳ ಅನುಕೂಲಕ್ಕೆ ಬಂತು. ಸಂಶಯವೇ ಇಲ್ಲದ ಮಾತು ಒಂದಿದೆ: ನಿಮ್ಮ ತಾಯಿಯ ಹಾಡುಗಳಿದ್ದ ಹಾರ್ಡ್‌ಡಿಸ್ಕು ಬಸ್ಸಿನಲ್ಲಿ ಪೆಟ್ಟು ತಿಂದು ಕೆಡಲಿಲ್ಲ. ಕೆಡಿಸಿದವನು ನಾನು.

ಹಿರೇಕೆರೂರಿನಲ್ಲಿ ನಿಮ್ಮ ತಂಗಿ ಗಿರಿಜಕ್ಕನ ಝೆರಾಕ್ಸ್ ಅಂಗಡಿ. ಅಲ್ಲಿಯ ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟವನು, ಮಹಡಿಯ ಮೇಲೆ ಬಾಡಿಗೆಗಿದ್ದ ನಾನೇ. ಅದರಲ್ಲಿ ಎರಡು ಡಿಸ್ಕುಗಳಿದ್ದವು. ನೀವು ತಿಳವಳ್ಳಿಯಿಂದ ಮೂರನೆಯದನ್ನು ತಂದಿರಿ — ತಾಯಿ ಹಾಡಿದ ಬೀಸುವ ಪದಗಳನ್ನು ತಂಗಿಗೂ ಒಂದು ಪ್ರತಿ ಮಾಡಿಕೊಡಲೆಂದು. ನಾನು ಪೆಟ್ಟಿಗೆ ಬಿಚ್ಚಿ ಜೋಡಿಸಿದೆ. ಆನ್ ಮಾಡಿದರೆ ಬರೀ ಕಪ್ಪು ಪರದೆ.

“ಏನ್ರಿ ಸರ, ನಿಮ್ಮ ಲಿನಕ್ಸಿಗೆ ಮನಿಗೆ ಬೀಗರು ಬಂದ್ರ ಸಿಟ್ಟೇನ್ರಿ?” ಎಂದು ಗಿರಿಜಕ್ಕ ನಕ್ಕಳು.

ಆ ಡಿಸ್ಕನ್ನು ಬಿಚ್ಚಿಟ್ಟಿದ್ದರೆ ಸಾಕಿತ್ತು. ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮು — ಬೂಟ್‌ಲೋಡರ್ — ಎಲ್ಲಿದೆಯೆಂದು ಯಂತ್ರ ತಪ್ಪು ಡಿಸ್ಕಿನಲ್ಲಿ ಹುಡುಕುತ್ತಿತ್ತು, ಅಷ್ಟೇ. ಆದರೆ ಆ ನಗು ನನ್ನನ್ನು ಚುಚ್ಚಿತು. ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ಬೂಟ್‌ಲೋಡರನ್ನು ಹೊಸದಾಗಿ ಬರೆಯಲು ಕೂತೆ. ಡಿಸ್ಕುಗಳಿಗೆ ಎ, ಬಿ, ಸಿ ಎಂದು ಯಂತ್ರವೇ ಹೆಸರಿಡುತ್ತದೆ. ಆ ಹೆಸರು ಸ್ಥಿರವಲ್ಲ. ಅಂದು ‘ಎ’ ಎಂಬ ಹೆಸರು ನಿಮ್ಮ ಡಿಸ್ಕಿಗೆ ಹೋಗಿತ್ತು. ನನ್ನ ಬೆರಳು ರೂಢಿಯಂತೆ ‘ಎ’ ಎಂದೇ ಒತ್ತಿತು — ಬೆರಳು ಎನ್ನುತ್ತೇನೆ, ನೋಡಿ. ನಾನು ಒತ್ತಿದೆ.

ಬೂಟ್‌ಲೋಡರು ಹಾಡುಗಳ ಡಿಸ್ಕಿನ ಮೇಲೆ ಹೋಗಿ ಕೂತಿತು. ಆಮೇಲೆ ಆ ಡಿಸ್ಕು ತೆರೆಯಲೇ ಇಲ್ಲ.

“ಏನಾತ್ರಿ ಸರ?”

“ಬಸ್ಸಿನ್ಯಾಗ ಬರೂವಾಗ ಪೆಟ್ಟು ಬಿದ್ದಂಗ ಕಾಣತೈತಿ, ಅಕ್ಕಾರ.”

ಯೋಚಿಸಿ ಆಡಿದ ಸುಳ್ಳಲ್ಲ ಎಂದು — ಬೇಡ. ಆಡಿದೆ.

ಗಿರಿಜಕ್ಕ ನಿಮ್ಮತ್ತ ತಿರುಗಿದಳು. “ಟಾವೆಲ್‌ದಾಗ ಸುತ್ಕೊಂಡ ಬಂದಿಯಲ್ಲೋ ಅಣ್ಣಾ, ಅದೇನ ಸಂತಿ ಬದನಿಕಾಯೇನು?”

“ತೊಡಿ ಮ್ಯಾಲ ಇಟ್ಕೊಂಡ ಬಂದೇನಿ, ತಂಗಿ. ಕೆಳಗ ಸೈತ ಇಟ್ಟಿಲ್ಲ.”

“ಅವ್ವನ ದನಿ ಒಂದ ಉಳದಿತ್ತು. ಅದನ್ನೂ ಕಳದಿ.”

ನೀವು ನನ್ನ ಮುಖ ನೋಡಿದಿರಿ. ನಾನು ಪೆಟ್ಟಿಗೆಯ ತಿರುಪು ಬಿಗಿಯುತ್ತಿದ್ದೆ.

ಪಂಚಮಿ ಬಂತು. ತಂಗಿಯನ್ನು ತವರಿಗೆ ಕರೆದೊಯ್ಯಲು ಎಂದಿನಂತೆ ಬಂದಿರಿ. ಗಿರಾಕಿಗಳಿದ್ದಾರೆ ಎಂದು ಆಕೆ ತಲೆಯೆತ್ತಲಿಲ್ಲ. ಗಿರಾಕಿಗಳು ಯಾರೂ ಇರಲಿಲ್ಲ. ನೀವು ಉಂಡಿಯ ಡಬ್ಬಿಯನ್ನು ನನ್ನ ಕೈಗಿಟ್ಟು, “ನೀವರ ತಿನ್ರಿ ಸರ, ಹೊತ್ಕೊಂಡ ವಾಪಸ್ ಹ್ಯಾಂಗ ಹೋಗ್ಲಿ?” ಎಂದಿರಿ. ನನ್ನ ಕೋಣೆಯಲ್ಲಿ ಒಬ್ಬನೇ ಕೂತು ಆ ಉಂಡಿ ತಿಂದೆ. ಚಲೋ ಇದ್ದವು. ಗಿರಿಜಕ್ಕ ಆಮೇಲೆ ಯಾವ ಪಂಚಮಿಗೂ ತಿಳವಳ್ಳಿಗೆ ಹೋಗಲಿಲ್ಲ.

ಇನ್ನೂ ಒಂದಿದೆ. ಕೆಟ್ಟಿದ್ದು ಡಿಸ್ಕಿನ ಮೊದಲ ತುಣುಕು ಮಾತ್ರ. ಹಾಡುಗಳು ಅದರಾಚೆ ಹಾಗೇ ಇದ್ದಿರಬೇಕು. ಬಲ್ಲವರ ಕೈಗೆ ಕೊಟ್ಟಿದ್ದರೆ ಬಹುಶಃ ತೆಗೆದುಕೊಡುತ್ತಿದ್ದರು. ಆದರೆ ಕೊಡುವಾಗ ಏನಾಯಿತೆಂದು ಹೇಳಬೇಕಿತ್ತು. ಎಷ್ಟೋ ದಿನಗಳ ಮೇಲೆ ನಿಮ್ಮನ್ನು ಕೇಳಿದೆ. “ಗುಜರಿಯವಂಗ ಕೊಟ್ಟಬಿಟ್ಟೆ ಸರ. ನೋಡಿದಾಗೊಮ್ಮೆ ತಂಗಿ ಅಂದ ಮಾತ ನೆನಪಾಗ್ತಿತ್ತು,” ಎಂದಿರಿ.

ಗಿರಿಜಕ್ಕನಿಗೂ ನಾನೇ ಹೋಗಿ ಹೇಳುತ್ತೇನೆ, ಅಂಗಡಿಯಲ್ಲೇ, ಎದುರಿಗೆ ನಿಂತು. ಆಕೆ ನಿಮ್ಮನ್ನು ಮತ್ತೆ ಕರೆಯುತ್ತಾಳೋ ಇಲ್ಲವೋ, ತಪ್ಪಿಹೋದ ಪಂಚಮಿಗಳನ್ನು ಯಾರು ತುಂಬಿಕೊಡುತ್ತಾರೋ — ಅದನ್ನು ಕೇಳುವ ಹಕ್ಕು ನನಗಿಲ್ಲ.

ಗೊತ್ತಿಲ್ಲದೆ ಆದದ್ದು ಎಂದು ನನಗೇ ಹೇಳಿಕೊಂಡು ಇಷ್ಟು ವರ್ಷ ಕಳೆದೆ. ಮೊನ್ನೆ ಒಂದು ಖಾಲಿ ಡಿಸ್ಕನ್ನು ನಿಮ್ಮದರಂತೆಯೇ ಸಿದ್ಧಮಾಡಿ, ಅದೇ ಆಜ್ಞೆ ಕೊಟ್ಟು ನೋಡಿದೆ. ಈ ಡಿಸ್ಕಿನಲ್ಲಿರುವುದು ನಾಶವಾಗಬಹುದು ಎಂಬ ಎಚ್ಚರಿಕೆ ಬಂತು, ಕೆಲಸ ನಿಂತಿತು. ಮತ್ತೆ ಕೊಟ್ಟೆ, ಮತ್ತೆ ನಿಂತಿತು. ಪರೀಕ್ಷೆ ಬೇಡ, ಮುಂದೆ ಹೋಗು ಎಂಬ ಮಾತನ್ನು ಆಜ್ಞೆಗೆ ಬೇರೆಯಾಗಿ ಸೇರಿಸಿ ಬರೆಯದ ಹೊರತು ಅದು ಡಿಸ್ಕನ್ನು ಮುಟ್ಟುವುದಿಲ್ಲ. ಅಂದು ನಿಮ್ಮ ಡಿಸ್ಕನ್ನು ಮುಟ್ಟಿತ್ತು.